ಪ್ರಾರ್ಥನೆ: ಕಲಿಯುತ್ತಲೇ ಕಲಿಸುವುದು ಹೇಗೆ?

ಯೇಸುವಿನ ಶಿಷ್ಯರಿಗೆ ಪ್ರಾರ್ಥನೆ ಹೊಸದೇನೂ ಆಗಿರಲಿಲ್ಲ. ಯೆಹೂದ್ಯ ಮನೆಗಳಲ್ಲಿ ಹುಟ್ಟಿ ಬೆಳೆದವರು ಅವರು. ಕೀರ್ತನೆಗಳನ್ನು ಚಿಕ್ಕಂದಿನಿಂದ ಕೇಳಿದವರು. ಆದರೂ ಲೂಕನ ಸುವಾರ್ತೆಯ 11ನೇ ಅಧ್ಯಾಯದ ಮೊದಲ ವಚನದಲ್ಲಿ ಅವರಲ್ಲೊಬ್ಬ ಬಂದು, ಸ್ನಾನಿಕನಾದ ಯೋಹಾನನು ತನ್ನ ಶಿಷ್ಯರಿಗೆ ಕಲಿಸಿದ ಹಾಗೆ ನಮಗೂ ಪ್ರಾರ್ಥಿಸುವುದನ್ನು ಕಲಿಸು ಎಂದು ಕೇಳಿಕೊಳ್ಳುತ್ತಾನೆ. ಅವನು ಹಾಗೆ ಕೇಳಿದ್ದು ಯೇಸು ಒಂದು ಸ್ಥಳದಲ್ಲಿ ಪ್ರಾರ್ಥಿಸಿ ಮುಗಿಸಿದ ಮೇಲೆ. ಪ್ರಾರ್ಥಿಸುವವನೊಬ್ಬನನ್ನು ಕಣ್ಣಾರೆ ಕಂಡ ಮೇಲೆಯೇ ಕಲಿಯುವ ಆಸೆ ಹುಟ್ಟಿದ್ದು.

ನಮ್ಮ ಸಭೆಗಳಲ್ಲಿ ವರ್ಷಗಟ್ಟಲೆ ಆರಾಧನೆಗೆ ಬಂದರೂ ನಾಲ್ಕು ಜನರ ನಡುವೆ ಬಾಯಿ ಬಿಟ್ಟು ಪ್ರಾರ್ಥಿಸಲು ಹಿಂಜರಿಯುವವರು ಬಹಳ ಮಂದಿ ಇದ್ದಾರೆ. ಅವರಿಗೆ ವಿಶ್ವಾಸವಿಲ್ಲ ಎಂದಲ್ಲ. ಪಕ್ಕದಲ್ಲಿ ಕೂತು ಕಲಿಸಿದವರು ಯಾರೂ ಇಲ್ಲ, ಅಷ್ಟೇ. ಪ್ರಾರ್ಥಿಸಿರಿ ಎಂದು ಪ್ರಸಂಗದಲ್ಲಿ ನೂರು ಸಲ ಕೇಳಿರುತ್ತಾರೆ, ಹೇಗೆ ಎಂದು ಒಂದು ಸಲವೂ ಕೇಳಿರುವುದಿಲ್ಲ. ಇನ್ನೊಂದು ಕಡೆ, ಚೆನ್ನಾಗಿ ಪ್ರಾರ್ಥಿಸಬಲ್ಲವರು ತಾವಿನ್ನೂ ಕಲಿಸುವಷ್ಟು ಬೆಳೆದಿಲ್ಲ ಎಂದು ಸುಮ್ಮನಿರುತ್ತಾರೆ. ಮೊದಲು ಪೂರ್ತಿ ಕಲಿತು ಆಮೇಲೆ ಕಲಿಸಬೇಕು ಎಂಬ ಈ ಲೆಕ್ಕಾಚಾರವೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಒಬ್ಬರ ಜೊತೆ ಕೂತು ಪ್ರಾರ್ಥಿಸಲು ಶುರುಮಾಡಿದರೆ ಕಲಿಕೆಯೂ ಕಲಿಸುವಿಕೆಯೂ ಒಟ್ಟಿಗೆ ಆಗುತ್ತವೆ. ಹೊಸದಾಗಿ ವಿಶ್ವಾಸಕ್ಕೆ ಬಂದವರು, ತಂದೆತಾಯಂದಿರು, ಭಾನುವಾರ ಶಾಲೆಯ ಶಿಕ್ಷಕರು, ಮನೆಕೂಟ ನಡೆಸುವವರು, ಎಲ್ಲರಿಗೂ ಉಪಯೋಗವಾಗುವಂತೆ ಆ ದಾರಿಯನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಬೇಕಾಗುವುದು ಒಂದು ಸತ್ಯವೇದ, ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ ಮತ್ತು ಜೊತೆಗೊಬ್ಬರು.

ಮೊದಲ ಹೆಜ್ಜೆ: ಹೊತ್ತು ಮತ್ತು ಜಾಗ

ಇದನ್ನು ಬೇಗ ಮುಗಿಸಿಬಿಡೋಣ, ಏಕೆಂದರೆ ಹೆಚ್ಚಿನವರು ಇಲ್ಲೇ ಸಿಕ್ಕಿಹಾಕಿಕೊಂಡು ಮುಂದಕ್ಕೆ ಹೋಗುವುದೇ ಇಲ್ಲ. ಯೇಸು ಹೊತ್ತು ಮೂಡುವ ಮುಂಚೆ ಎದ್ದು ಅಡವಿಯ ಸ್ಥಳಕ್ಕೆ ಹೋದನೆಂದು ಮಾರ್ಕ 1:35 ಹೇಳುತ್ತದೆ. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಅಂದರೆ ಎಲ್ಲರಿಗೂ ಒಂದೇ ವೇಳೆ ಎಂಬ ನಿಯಮವಿಲ್ಲ. ಬೆಳಿಗ್ಗೆ ಏಳಲಾಗದವರು ಅದನ್ನೇ ದೊಡ್ಡ ಪಾಪವೆಂದು ಕೊರಗಬೇಕಾಗಿಲ್ಲ. ನೀವು ಹೇಗೂ ದಿನವೂ ಮಾಡುವ ಒಂದು ಕೆಲಸದ ಹಿಂದೆಯೋ ಮುಂದೆಯೋ ಹತ್ತು ನಿಮಿಷ ಇಟ್ಟುಕೊಳ್ಳಿ. ಆಗ ನೆನಪಿಡುವ ಶ್ರಮ ತಪ್ಪುತ್ತದೆ. ಮತ್ತಾಯ 6:6ರಲ್ಲಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದಿದೆ. ಪ್ರತ್ಯೇಕ ಕೋಣೆ ಇಲ್ಲದವರು ಒಂದು ಮೂಲೆ, ಒಂದು ಕುರ್ಚಿ ಹಿಡಿದುಕೊಂಡರೂ ಸಾಕು. ಫೋನನ್ನು ಮಾತ್ರ ಕೈಗೆಟುಕದ ಕಡೆ ಇಡಿ. ಅದರಲ್ಲೇ ಸತ್ಯವೇದ ಓದುತ್ತೇನೆ ಎನ್ನುವವರು ಕೊನೆಯ ಪಕ್ಷ ಈ ಹತ್ತು ನಿಮಿಷಕ್ಕೆ ಅಚ್ಚಾದ ಪುಸ್ತಕ ಹಿಡಿಯಿರಿ.

ಎರಡನೆಯದು: ಮಾತುಗಳನ್ನು ಸಾಲ ತೆಗೆದುಕೊಳ್ಳಿ

ಮನಸ್ಸಿನಿಂದ ಆಗಲೇ ಹುಟ್ಟಿ ಬಂದ ಮಾತುಗಳೇ ನಿಜವಾದ ಪ್ರಾರ್ಥನೆ, ಬರೆದಿಟ್ಟದ್ದನ್ನು ಹೇಳುವುದು ಬರೀ ಗಿಣಿಪಾಠ ಎಂದು ಎಷ್ಟೋ ಕೂಟಗಳಲ್ಲಿ ಕಲಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಲಿಸು ಎಂದು ಶಿಷ್ಯನು ಕೇಳಿದಾಗ ಯೇಸು ಕೊಟ್ಟದ್ದೇ ಬಾಯಲ್ಲಿ ಹೇಳಬಹುದಾದ ಮಾತುಗಳನ್ನು. ನೀವು ಪ್ರಾರ್ಥಿಸುವಾಗ ಹೀಗೆ ಹೇಳಿರಿ ಎಂದನು ಎಂಬುದಾಗಿ ಲೂಕನು ಬರೆಯುತ್ತಾನೆ. ಶಿಲುಬೆಯ ಮೇಲೆ ಉಸಿರು ಸಿಕ್ಕಿಕೊಳ್ಳುತ್ತಿದ್ದಾಗ ಸ್ವತಃ ಯೇಸುವಿನ ಬಾಯಿಂದ ಬಂದದ್ದು 22ನೇ ಕೀರ್ತನೆಯ ಮೊದಲ ಸಾಲು. ಅದು ಸಾಲದ ಮಾತಾಗಿದ್ದರಿಂದ ಅದರ ಸತ್ಯವೇನೂ ಕಡಿಮೆಯಾಗಲಿಲ್ಲ.

ಆದ್ದರಿಂದ ಕರ್ತನ ಪ್ರಾರ್ಥನೆಯಿಂದ ಪ್ರಾರಂಭಿಸಿ. ಆದಿಸಭೆಯ ಕಾಲದ 'ದಿದಖೆ' ಎಂಬ ಬೋಧನಾ ಗ್ರಂಥ ವಿಶ್ವಾಸಿಗಳಿಗೆ ಇದನ್ನು ದಿನಕ್ಕೆ ಮೂರು ಸಲ ಹೇಳಲು ಸೂಚಿಸುತ್ತದೆ. ಮುಂದಿನ ಶತಮಾನಗಳಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಈ ಪ್ರಾರ್ಥನೆಯನ್ನು ವಿಧಿಪೂರ್ವಕವಾಗಿ ಒಪ್ಪಿಸಿಕೊಡುವ, ಅವರು ಅದನ್ನು ಕಲಿತು ತಿರುಗಿ ಹೇಳುವ ಪದ್ಧತಿ ಬೆಳೆಯಿತು. ಆದಿಸಭೆಯ ಲೇಖಕನಾದ ತೆರ್ತುಲ್ಲಿಯನ್ ಇದನ್ನು ಇಡೀ ಸುವಾರ್ತೆಯ ಸಾರಾಂಶ ಎಂದು ಕರೆದ.

ಹೇಳುವ ಬಗೆ ಹೀಗಿರಲಿ. ಮೊದಲು ಒಮ್ಮೆ ಪೂರ್ತಿಯಾಗಿ, ನಿಧಾನವಾಗಿ, ದನಿ ತೆಗೆದು ಹೇಳಿ. ಆಮೇಲೆ ಒಂದೊಂದೇ ಸಾಲು ಹಿಡಿದು ನಿಲ್ಲಿ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನುವಾಗ 'ನಮ್ಮ' ಎಂಬುದರಲ್ಲಿ ಯಾರು ಯಾರು ಸೇರಿದ್ದಾರೆ ಎಂದು ಯೋಚಿಸಿ. ಮನಸ್ತಾಪ ಇರುವವರ ಹೆಸರೂ ಬರಬಹುದು. ಈ ಪ್ರಾರ್ಥನೆಯ ಯಾವ ಸಾಲಿನಲ್ಲೂ 'ನನಗೆ' ಎಂಬುದಿಲ್ಲ. ಮೊದಲ ಮೂರು ಬೇಡಿಕೆಗಳು ದೇವರ ನಾಮ, ದೇವರ ರಾಜ್ಯ, ದೇವರ ಚಿತ್ತದ ಕುರಿತವು; ನಮ್ಮ ಆಹಾರದ ಸರದಿ ಬರುವುದು ಅದಾದ ಮೇಲೆ. 'ನಿನ್ನ ಚಿತ್ತವು ನೆರವೇರಲಿ' ಎಂಬಲ್ಲಿ ಇವತ್ತು ನೀವು ಎದುರಿಸಬೇಕಾದ ಒಂದು ಕಷ್ಟದ ಕೆಲಸವನ್ನು ಹೆಸರಿಸಿ. 'ಅನುದಿನದ ಆಹಾರ' ಎಂಬಲ್ಲಿ ಸಂಬಳ, ಸಾಲ, ಔಷಧಿ, ಮಕ್ಕಳ ಶುಲ್ಕ ಎಲ್ಲವನ್ನೂ ನಾಚಿಕೆಯಿಲ್ಲದೆ ಇಡಿ. ಕ್ಷಮೆಯ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಿ. ಮತ್ತಾಯನ ಸುವಾರ್ತೆಯಲ್ಲಿ ಈ ಪ್ರಾರ್ಥನೆ ಮುಗಿದ ಕೂಡಲೇ ಯೇಸು ವಿವರಣೆ ಕೊಡುವುದು ಈ ಒಂದು ಬೇಡಿಕೆಗೆ ಮಾತ್ರ: ನೀವು ಜನರ ತಪ್ಪುಗಳನ್ನು ಕ್ಷಮಿಸದೆ ಹೋದರೆ ನಿಮ್ಮ ತಂದೆಯೂ ಕ್ಷಮಿಸುವುದಿಲ್ಲ. ಒಬ್ಬರ ಹೆಸರು ಬಾಯಿಗೆ ಬಂದು ಮುಂದಿನ ಮಾತು ಹೊರಡದಿದ್ದರೆ ಅಲ್ಲೇ ನಿಂತುಕೊಳ್ಳಿ. ಕ್ಷಮಿಸಲು ಆಗುತ್ತಿಲ್ಲ, ಆಗುವಂತೆ ಮಾಡು ಎನ್ನುವುದೂ ಪ್ರಾರ್ಥನೆಯೇ.

1535ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್‌ಗೆ ಪೀಟರ್ ಎಂಬ ಅವನ ಕ್ಷೌರಿಕ ಪ್ರಾರ್ಥಿಸುವುದು ಹೇಗೆ ಎಂದು ಕೇಳಿದ. ಲೂಥರ್ ಅವನಿಗಾಗಿಯೇ ಒಂದು ಪುಟ್ಟ ಪುಸ್ತಕ ಬರೆದುಕೊಟ್ಟ. ತಾನು ಮಾಡುವುದನ್ನೇ ಬಿಡಿಸಿ ಹೇಳಿದ್ದಾನೆ ಅದರಲ್ಲಿ: ಕರ್ತನ ಪ್ರಾರ್ಥನೆಯ ಸಾಲುಗಳನ್ನು, ದಶಾಜ್ಞೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದು ಆಜ್ಞೆಯಲ್ಲೂ ಒಂದು ಉಪದೇಶ, ಒಂದು ಕೃತಜ್ಞತೆ, ಒಂದು ಪಾಪ ಅರಿಕೆ, ಒಂದು ಬೇಡಿಕೆ ಹುಡುಕುವುದು. ಒಳ್ಳೆಯ ಕ್ಷೌರಿಕನ ಕಣ್ಣು ಮನಸ್ಸುಗಳು ಕತ್ತಿಯ ಮೇಲೂ ಕೂದಲಿನ ಮೇಲೂ ಇರಬೇಕು, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗು ಹೋದೀತು, ಪ್ರಾರ್ಥನೆಯಲ್ಲೂ ಹಾಗೆಯೇ ಎಂದು ಅವನ ಕಸುಬಿನಿಂದಲೇ ಉದಾಹರಣೆ ಕೊಟ್ಟ. ಇನ್ನೊಂದು ಸಲಹೆಯೂ ಅದರಲ್ಲಿದೆ, ನನಗೆ ಬಹಳ ಇಷ್ಟವಾದದ್ದು: ಯಾವುದಾದರೂ ಒಂದು ಸಾಲಿನಲ್ಲಿ ಮನಸ್ಸು ತುಂಬಿಬಂದರೆ ಉಳಿದದ್ದನ್ನು ಮುಗಿಸಲೇಬೇಕೆಂದು ಓಡಬೇಡ, ಅಲ್ಲೇ ನಿಂತು ಕೇಳಿಸಿಕೋ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಸಭೆಯಿಂದ ಬಂದವರ ಬಾಯಲ್ಲಿ ಈ ಪ್ರಾರ್ಥನೆಯ ಪದಗಳು ಸ್ವಲ್ಪ ಬೇರೆಯಾಗಿರಬಹುದು. 'ರಾಜ್ಯವೂ ಬಲವೂ ಮಹಿಮೆಯೂ' ಎಂಬ ಕೊನೆಯ ಸಾಲನ್ನು ಕೆಲವರು ಕೂಡಿಸಿ ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಆ ಸಾಲಿಲ್ಲ. ಆದರೆ ಅಂಥದ್ದೇ ಒಂದು ಸ್ತುತಿಯ ಸಾಲು ದಿದಖೆಯಲ್ಲಿ ಇದೆ. ಎರಡು ರೂಢಿಗಳೂ ಬಹಳ ಹಳೆಯವು. ಪ್ರಾರ್ಥಿಸಲು ಕೂತಾಗ ಅದರ ಮೇಲೆ ವಾದಕ್ಕಿಳಿಯಬೇಡಿ.

ಮೂರನೆಯದು: ಅಳುವುದನ್ನು ಕೀರ್ತನೆಗಳಿಂದ ಕಲಿಯಿರಿ

ಸ್ತುತಿ ಮಾಡುವುದನ್ನು ಸಭೆಯ ಹಾಡುಗಳು ಹೇಗೋ ಕಲಿಸಿಬಿಡುತ್ತವೆ. ದುಃಖವನ್ನು ದೇವರ ಮುಂದೆ ಇಡುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಹೀಗಾಗಿ ಸಾವು, ಕಾಯಿಲೆ, ಕೆಲಸ ಕಳೆದುಕೊಳ್ಳುವುದು ಇಂಥವು ಎದುರಾದಾಗ ಎಷ್ಟೋ ವಿಶ್ವಾಸಿಗಳಿಗೆ ಮಾತೇ ನಿಂತುಹೋಗುತ್ತದೆ. ಬಲವಂತದ ನಗು ಹೊತ್ತು 'ಸ್ತೋತ್ರ' ಎನ್ನುತ್ತ ಒಳಗೊಳಗೇ ಒಣಗುತ್ತಾರೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವು, ದೂರಿನವು. ದೇವರ ಜನರ ಪ್ರಾರ್ಥನೆ ಪುಸ್ತಕದಲ್ಲೇ ಇಷ್ಟು ಅಳು ಇರುವಾಗ ನಮ್ಮ ಪ್ರಾರ್ಥನೆಯಲ್ಲಿ ಅದಕ್ಕೆ ಜಾಗವಿಲ್ಲದಿರುವುದು ವಿಚಿತ್ರ.

ಅಭ್ಯಾಸಕ್ಕೆ 13ನೇ ಕೀರ್ತನೆ ಒಳ್ಳೆಯದು. ಆರೇ ವಚನ. ಮೊದಲೆರಡು ವಚನಗಳಲ್ಲಿ 'ಎಷ್ಟು ಕಾಲ?' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಂತರದ ಎರಡರಲ್ಲಿ ನೇರ ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ಈ ಮೂರು ಭಾಗಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದರ ಕೆಳಗೆ ನಿಮ್ಮದೇ ಎರಡು ಸಾಲು ಬರೆಯಿರಿ. ಮೊದಲನೆಯದು ಸುಲಭವಾಗಿ ಬರುತ್ತದೆ. ಮೂರನೆಯದು ಬಾರದಿದ್ದರೆ ಖಾಲಿ ಬಿಡಿ, ಸುಳ್ಳು ಬರೆಯಬೇಡಿ. 88ನೇ ಕೀರ್ತನೆಯನ್ನು ಓದಿ ನೋಡಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಯಾವ ಸಮಾಧಾನದ ಸಾಲೂ ಕೊನೆಗೆ ಬರುವುದಿಲ್ಲ. ಅದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲ.

ಪಾಪ ಅರಿಕೆಗೆ 51, ಕೃತಜ್ಞತೆಗೆ 103, ಭಯದ ರಾತ್ರಿಗಳಿಗೆ 121, ಯಾವ ಹೊತ್ತಿಗೂ 23. ದಿನಕ್ಕೆ ಐದರಂತೆ ಓದಿದರೆ ಒಂದು ತಿಂಗಳಲ್ಲಿ ಎಲ್ಲವೂ ಮುಗಿಯುತ್ತವೆ. ಆದರೆ 176 ವಚನಗಳ 119ನೇ ಕೀರ್ತನೆಗೆ ಬೇರೆ ದಿನ ಇಟ್ಟುಕೊಳ್ಳಬೇಕಾದೀತು. ಶತ್ರುಗಳನ್ನು ಶಪಿಸುವ 109, 137ರಂಥವುಗಳನ್ನು ಮಕ್ಕಳಿಗೂ ಹೊಸಬರಿಗೂ ವಿವರಣೆ ಇಲ್ಲದೆ ಕೊಡಬೇಡಿ. ಅನ್ಯಾಯಕ್ಕೆ ಒಳಗಾದವರು ತಮ್ಮ ಕೋಪವನ್ನು ತಾವೇ ತೀರಿಸಿಕೊಳ್ಳದೆ ದೇವರ ಕೈಗೆ ಒಪ್ಪಿಸಿದ ಮಾತುಗಳು ಅವು ಎಂದು ತಿಳಿಸಿಕೊಡಬಲ್ಲವರು ಜೊತೆಗಿರಬೇಕು.

ನಾಲ್ಕನೆಯದು: ನಿಮ್ಮ ಮಾತು

ಸಾಲದ ಮಾತುಗಳಲ್ಲಿ ಕೆಲವು ವಾರ ಕಳೆದ ಮೇಲೆ ಸ್ವಂತ ಮಾತುಗಳು ತಾವಾಗಿ ಬರತೊಡಗುತ್ತವೆ. ಆರಾಧನೆ, ಅರಿಕೆ, ಕೃತಜ್ಞತೆ, ವಿಜ್ಞಾಪನೆ ಎಂಬ ನಾಲ್ಕು ಭಾಗಗಳ ಕ್ರಮವನ್ನು ಹಲವರು ಕಲಿಸುತ್ತಾರೆ. ಬೇಡಿಕೆಯೊಂದಕ್ಕೇ ಜೋತುಬೀಳದ ಹಾಗೆ ಅದು ಕಾಯುತ್ತದೆ. ಆದರೆ ಪ್ರತಿ ದಿನ ನಾಲ್ಕನ್ನೂ ತುಂಬಲೇಬೇಕು ಎಂದು ಹಟ ಹಿಡಿದರೆ ಅರ್ಜಿ ನಮೂನೆ ತುಂಬಿದ ಅನುಭವವಾದೀತು. ಒಂದು ದಿನವೆಲ್ಲ ಬರೀ ಕೃತಜ್ಞತೆಯಾದರೆ ಆಗಲಿ.

ಕಣ್ಣು ಮುಚ್ಚಿದ ತಕ್ಷಣ ಮನಸ್ಸು ಎಲ್ಲೆಲ್ಲೋ ಓಡುತ್ತದೆ ಎಂಬ ದೂರು ಎಲ್ಲರದ್ದೂ. ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ, ಪ್ರಾರ್ಥನೆಗೇ ಹೆಸರಾದ ಜಾರ್ಜ್ ಮುಲ್ಲರ್‌ಗೂ ಹೀಗೇ ಆಗುತ್ತಿತ್ತು. ಎದ್ದ ಕೂಡಲೇ ಪ್ರಾರ್ಥನೆಗೆ ಕೂರುತ್ತಿದ್ದ ಆತ 1841ರಲ್ಲಿ ಕ್ರಮ ಬದಲಿಸಿದ: ಮೊದಲು ವಾಕ್ಯ ಓದಿ ಧ್ಯಾನಿಸುವುದು, ಆ ವಾಕ್ಯವೇ ಪ್ರಾರ್ಥನೆಗೆ ಕರೆದೊಯ್ಯಲಿ ಎಂದು ಬಿಡುವುದು. ನೀವೂ ಹಾಗೆ ಮಾಡಿ ನೋಡಿ. ನಾಲ್ಕೈದು ವಚನ ಓದಿ, ಅದರಲ್ಲಿ ದೇವರ ಕುರಿತು ಏನಿದೆಯೋ ಅದಕ್ಕೆ ಸ್ತುತಿ, ನನ್ನ ಕುರಿತು ಏನಿದೆಯೋ ಅದಕ್ಕೆ ಅರಿಕೆ ಅಥವಾ ಬೇಡಿಕೆ. ದನಿ ತೆಗೆದು ಪ್ರಾರ್ಥಿಸುವುದೂ ಸಹಾಯ ಮಾಡುತ್ತದೆ. ದನಿ ಬೇಡವೆಂದರೆ ತುಟಿಯಾದರೂ ಅಲುಗಲಿ, ಮಗುವಿಗಾಗಿ ಬೇಡಿಕೊಳ್ಳುತ್ತಿದ್ದ ಹನ್ನಳ ತುಟಿ ಅಲುಗಿದ ಹಾಗೆ. (ಯಾಜಕನಾದ ಏಲಿ ಆಕೆಯನ್ನು ಕುಡಿದವಳೆಂದು ತಿಳಿದ, ಅದು ಬೇರೆ ವಿಷಯ.) ಮಾಡಬೇಕಾದ ಕೆಲಸಗಳು ಮಧ್ಯೆ ನೆನಪಾದರೆ ಪಕ್ಕದಲ್ಲಿರುವ ಚೀಟಿಯಲ್ಲಿ ಬರೆದು ಮುಂದಕ್ಕೆ ಹೋಗಿ. ಮತ್ತೆ ಮತ್ತೆ ಒಬ್ಬ ವ್ಯಕ್ತಿಯೇ ನೆನಪಿಗೆ ಬರುತ್ತಿದ್ದರೆ ಆ ವ್ಯಕ್ತಿಗಾಗಿಯೇ ಪ್ರಾರ್ಥಿಸಿಬಿಡಿ.

ಉದ್ದ ಬೇಡ. ಆದಿಸಭೆಯ ಬಿಷಪ್ ಅಗಸ್ಟೀನನು ಪ್ರೋಬ ಎಂಬ ವಿಧವೆಗೆ ಪ್ರಾರ್ಥನೆಯ ಕುರಿತು ಬರೆದ ಪತ್ರದಲ್ಲಿ, ಐಗುಪ್ತದ ಸನ್ಯಾಸಿ ಸಹೋದರರು ಪದೇ ಪದೇ ಪ್ರಾರ್ಥಿಸುತ್ತಾರೆ, ಆದರೆ ಬಹಳ ಚಿಕ್ಕದಾಗಿ ಪ್ರಾರ್ಥಿಸುತ್ತಾರೆ ಎಂದು ಮೆಚ್ಚಿ ಹೇಳುತ್ತಾನೆ. ಸತ್ಯವೇದದಲ್ಲೂ ಅಂಥವು ಸಿಗುತ್ತವೆ. ದೇವರೇ, ಪಾಪಿಯಾದ ನನ್ನನ್ನು ಕರುಣಿಸು ಎಂಬ ಸುಂಕದವನ ಒಂದೇ ಮಾತು. ಕರ್ತನೇ, ನನ್ನನ್ನು ಕಾಪಾಡು ಎಂಬ, ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನ ಕೂಗು. ಅರಸನು ನಿನ್ನ ಬೇಡಿಕೆಯೇನು ಎಂದು ಕೇಳಿದಾಗ ನೆಹೆಮೀಯನು ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಪರಲೋಕದ ದೇವರಿಗೆ ಪ್ರಾರ್ಥಿಸಿದ. ಎಷ್ಟು ಕ್ಷಣ ಸಿಕ್ಕಿರಬಹುದು ಅವನಿಗೆ! ಕೆಲಸದ ನಡುವೆ, ಬಸ್ಸಿಗೆ ಕಾಯುವಾಗ, ಕಷ್ಟದ ಫೋನ್ ಕರೆ ಸ್ವೀಕರಿಸುವ ಮುಂಚೆ ಇಂಥ ಒಂದು ಸಾಲು ಹೇಳುವುದು ರೂಢಿಯಾದರೆ ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂಬ ಪೌಲನ ಮಾತು ಅಸಾಧ್ಯದ್ದಾಗಿ ಕಾಣುವುದಿಲ್ಲ.

ಐದನೆಯದು: ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ

ಇಲ್ಲಿಯವರೆಗಿನದ್ದಕ್ಕೆ ಒಂದೆರಡು ತಿಂಗಳು ಸಾಕು. ಇನ್ನು ಕಾಯಬೇಡಿ. ಈಗಲೇ ಒಬ್ಬರನ್ನು ಹುಡುಕಿಕೊಳ್ಳಿ: ಹೊಸದಾಗಿ ಸಭೆಗೆ ಬರುತ್ತಿರುವವರು, ಮನೆಯವರು, ಗೆಳೆಯರು. ಹೆಂಗಸರ ಜೊತೆ ಹೆಂಗಸರು, ಗಂಡಸರ ಜೊತೆ ಗಂಡಸರು ಕೂರುವುದು ಹೆಚ್ಚು ಮುಕ್ತವಾಗಿರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು.

ಕಲಿಸುವವರು ಮೊದಲು ಮಾಡಬೇಕಾದ ಕೆಲಸ ತಮ್ಮ ಪ್ರಾರ್ಥನೆಯನ್ನು ಚಿಕ್ಕದು ಮಾಡಿಕೊಳ್ಳುವುದು. ಇದರಷ್ಟು ಮುಖ್ಯವಾದದ್ದು ಈ ಲೇಖನದಲ್ಲಿ ಬೇರೆ ಇಲ್ಲ. ಅನುಭವಸ್ಥರು ಏರುದನಿಯಲ್ಲಿ, ವಚನಗಳನ್ನು ಪೋಣಿಸಿ, ಹತ್ತು ನಿಮಿಷ ನಿರರ್ಗಳವಾಗಿ ಪ್ರಾರ್ಥಿಸಿದರೆ ಪಕ್ಕದಲ್ಲಿ ಕೂತ ಹೊಸಬರು ಕಲಿಯುವುದು ಒಂದೇ ಪಾಠ: ಇದು ನನ್ನಿಂದಾಗದ ಕೆಲಸ. ಅವರ ಮುಂದೆ ಸಾದಾ ಮಾತಿನಲ್ಲಿ, ಮೂರು ನಾಲ್ಕು ವಾಕ್ಯ ಮಾತ್ರ ಪ್ರಾರ್ಥಿಸಿ. ನೀವು ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಪ್ರಾರ್ಥಿಸಿ. ಇಷ್ಟೇನಾ, ಇದು ನನಗೂ ಬರುತ್ತದೆ ಎಂದು ಅವರಿಗೆ ಅನ್ನಿಸಬೇಕು. ಅಲಂಕಾರದ ಮಾತುಗಳನ್ನು ಬಿಟ್ಟು ಪ್ರಾರ್ಥಿಸಲು ಕೂತಾಗ ನಿಮ್ಮ ಪ್ರಾರ್ಥನೆಯಲ್ಲಿ ಎಷ್ಟು ಪಾಲು ರೂಢಿಯ ಪದಗಳಿದ್ದವು ಎಂಬುದು ನಿಮಗೇ ಕಾಣುತ್ತದೆ. ಕಲಿಸುವವರ ವಿಶ್ವಾಸ ಬೆಳೆಯುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಮೊದಲ ವಾರ ಅವರು ಕೇಳಿಸಿಕೊಂಡು 'ಆಮೆನ್' ಎಂದರೆ ಸಾಕು. ಎರಡನೇ ವಾರ ಕರ್ತನ ಪ್ರಾರ್ಥನೆಯನ್ನು ಇಬ್ಬರೂ ಕೂಡಿ ಹೇಳಿ, ಒಂದು ಸಾಲಿನ ಕುರಿತು ಮಾತಾಡಿ. ಮೂರನೇ ವಾರ ಅವರಿಂದ ಒಂದೇ ವಾಕ್ಯದ ಕೃತಜ್ಞತೆ: 'ತಂದೆಯೇ, ಇಂಥದ್ದಕ್ಕಾಗಿ ಸ್ತೋತ್ರ.' ಕೃತಜ್ಞತೆಯಿಂದ ಶುರುಮಾಡಿಸಲು ಕಾರಣವಿದೆ. ಅದರಲ್ಲಿ ತಪ್ಪಾಗುತ್ತದೆಂಬ ಭಯ ಕಡಿಮೆ. ನಾಲ್ಕನೇ ವಾರ ಒಂದು ಬೇಡಿಕೆ. ಅದಾದ ಮೇಲೆ ನೀವೊಂದು ವಾಕ್ಯ, ಅವರೊಂದು ವಾಕ್ಯ, ಹೀಗೆ ಎರಡು ಮೂರು ಸುತ್ತು. ಅರಿಕೆಯನ್ನು ಅವಸರಪಡಿಸಬೇಡಿ. ಅದು ನಂಬಿಕೆ ಕುದುರಿದ ಮೇಲೆ ಬರಬೇಕಾದದ್ದು, ಮತ್ತು ಎಲ್ಲವನ್ನೂ ನಿಮ್ಮ ಕಿವಿಗೆ ಹಾಕಲೇಬೇಕೆಂದೇನೂ ಇಲ್ಲ. ಈ ವಾರಗಳ ಲೆಕ್ಕ ಕಟ್ಟುನಿಟ್ಟಿನದಲ್ಲ. ಒಬ್ಬರಿಗೆ ಒಂದು ತಿಂಗಳು ಸಾಕು, ಇನ್ನೊಬ್ಬರಿಗೆ ವರ್ಷ ಬೇಕು.

ಅವರು ತಡವರಿಸಿದಾಗ ಪದ ಕೊಡಲು ಹೋಗಬೇಡಿ. ಮೌನವನ್ನು ಮೌನವಾಗಿಯೇ ಬಿಡಿ. ನಮಗೆ ಹೇಗೆ ಪ್ರಾರ್ಥಿಸಬೇಕೋ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8:26 ಹೇಳುತ್ತದಲ್ಲ, ಅದನ್ನು ನಂಬಿ ಸುಮ್ಮನಿರಿ. ಮುಗಿದ ಮೇಲೆ ತಿದ್ದಲೂ ಹೋಗಬೇಡಿ. 'ಯೇಸುವಿನ ನಾಮದಲ್ಲಿ' ಎನ್ನುವುದನ್ನು ಮರೆತರು, ತಂದೆಯೇ ಎನ್ನುವ ಕಡೆ ಯೇಸುವೇ ಎಂದರು ಎಂದು ಅಲ್ಲೇ ಪಾಠ ಮಾಡಿದರೆ ಮುಂದಿನ ವಾರ ಅವರ ಬಾಯಿ ತೆರೆಯುವುದಿಲ್ಲ. ನಿಮ್ಮ ಪ್ರಾರ್ಥನೆಯನ್ನು ಕೇಳುತ್ತ ಕೇಳುತ್ತ ಅದು ತಾನಾಗಿ ಸರಿಹೋಗುತ್ತದೆ. ಪ್ರಾರ್ಥನೆಯ ನೆವದಲ್ಲಿ ಬುದ್ಧಿ ಹೇಳುವುದಂತೂ ಬೇಡವೇ ಬೇಡ. 'ದೇವರೇ, ಇವರಿಗೆ ಕೋಪ ಕಡಿಮೆ ಮಾಡು' ಎಂದು ಎದುರಿಗಿರುವವರಿಗೆ ಕೇಳುವಂತೆ ಬೇಡುವುದು ದೇವರಿಗೆ ಹೇಳಿದ ಮಾತಲ್ಲ. ಹೇಳುವುದಿದ್ದರೆ ಕಣ್ಣು ತೆರೆದು ನೇರವಾಗಿ ಹೇಳಿ.

ಅಲ್ಲಿ ಕೇಳಿದ ಮಾತು ಅಲ್ಲೇ ಉಳಿಯಬೇಕು. 'ಅವರಿಗಾಗಿ ಪ್ರಾರ್ಥಿಸಿ' ಎಂಬ ಹೆಸರಿನಲ್ಲಿ ಒಬ್ಬರ ಮನೆಯ ಗುಟ್ಟು ಇಡೀ ವಾಟ್ಸ್ಆ್ಯಪ್ ಗುಂಪಿಗೆ ಹರಡುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಒಪ್ಪಿಗೆಯಿಲ್ಲದೆ ಬೇರೆಯವರ ಬಳಿ ಒಂದು ಅಕ್ಷರವೂ ಹೋಗಕೂಡದು.

ಮಕ್ಕಳಿಗೆ ಕಲಿಸುವಾಗ

ಧರ್ಮೋಪದೇಶಕಾಂಡ 6:7 ದೇವರ ಮಾತುಗಳನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕಾದ ಹೊತ್ತುಗಳನ್ನು ಹೇಳುವಾಗ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎನ್ನುತ್ತದೆ. ತಿಮೊಥೆಯನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ನೆನೆಯುತ್ತಾನೆ. ಲೂಥರ್ 1529ರಲ್ಲಿ ತನ್ನ ಚಿಕ್ಕ ಪ್ರಶ್ನೋತ್ತರ ಬೋಧನೆಯನ್ನು ಬರೆದಾಗಲೂ ಮನೆಯ ಯಜಮಾನ ಮನೆಯವರಿಗೆ ಕಲಿಸಬೇಕಾದ ರೀತಿ ಇದು ಎಂದೇ ಅದರಲ್ಲಿ ಸೂಚಿಸಿದ. ಭಾನುವಾರ ಶಾಲೆ ಮನೆಗೆ ಸಹಾಯ ಮಾಡಬಹುದು, ಮನೆಯ ಬದಲಿಗೆ ನಿಲ್ಲಲಾರದು.

ಪುಟ್ಟ ಮಕ್ಕಳಿಗೆ 'ಸ್ತೋತ್ರ', 'ಕ್ಷಮಿಸು', 'ಸಹಾಯ ಮಾಡು' ಎಂಬ ಮೂರು ಮಾತು ಸಾಕು. ಅದರ ಹಿಂದೆ ಮುಂದೆ ಏನು ಸೇರಿಸಬೇಕೆಂದು ಅವರೇ ಹುಡುಕಿಕೊಳ್ಳುತ್ತಾರೆ. ಮಗು ಮುರಿದ ಆಟಿಕೆಗಾಗಿ ಪ್ರಾರ್ಥಿಸಿದರೆ ನಗಬೇಡಿ. ಬಂದವರ ಮುಂದೆ ನಿಲ್ಲಿಸಿ ಪ್ರಾರ್ಥನೆ ಹೇಳಿಸುವುದು ಬೇಡ. ಜನರು ನೋಡಲೆಂದು ಪ್ರಾರ್ಥಿಸುವವರ ಕುರಿತು ಯೇಸು ಎಚ್ಚರಿಸಿದ್ದನ್ನೇ ನಾವು ಮಕ್ಕಳಿಗೆ ಅಭ್ಯಾಸ ಮಾಡಿಸಿದಂತಾಗುತ್ತದೆ. ಶಿಕ್ಷೆಯಾಗಿ ಪ್ರಾರ್ಥನೆ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು. ಹದಿಹರೆಯದವರು ಕುಟುಂಬ ಪ್ರಾರ್ಥನೆಯಲ್ಲಿ ಬಾಯಿ ಬಿಡದಿದ್ದರೆ ಕೆಣಕಬೇಡಿ. ಕೂತಿದ್ದಾರಲ್ಲ, ಅದೇ ದೊಡ್ಡದು. ಅವರಿಗೆ ಒಂದು ಕೀರ್ತನೆ ಓದುವ ಕೆಲಸ ಕೊಡಿ. ಮತ್ತು ನೀವು ಅವರ ಮೇಲೆ ಅನ್ಯಾಯವಾಗಿ ರೇಗಿದ ದಿನ, ಅವರ ಎದುರೇ ದೇವರಲ್ಲಿಯೂ ಅವರಲ್ಲಿಯೂ ಕ್ಷಮೆ ಕೇಳಿ. ಅರಿಕೆ ಎಂದರೇನು ಎಂದು ಆಮೇಲೆ ಬೇರೆ ಪಾಠ ಮಾಡಬೇಕಾಗುವುದಿಲ್ಲ.

ಉತ್ತರ ಸಿಗದಿದ್ದಾಗ

ಕಲಿಸಲು ಹೊರಟವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕಲಿಯುವವರು ತಾಯಿಯ ಕಾಯಿಲೆಗಾಗಿ ತಿಂಗಳುಗಟ್ಟಲೆ ಬೇಡಿಕೊಂಡಿರುತ್ತಾರೆ, ತಾಯಿ ತೀರಿಕೊಂಡಿರುತ್ತಾರೆ. ಅವರ ಮುಂದೆ ನಿಮ್ಮ ಹತ್ತಿರ ಸಿದ್ಧ ಉತ್ತರ ಇರಬಾರದು. ನಿನ್ನ ನಂಬಿಕೆ ಸಾಲದಾಯಿತು ಎಂಬ ಮಾತನ್ನಂತೂ ಎಂದೂ ಆಡಬೇಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸು, ಈ ಪಾತ್ರೆ (ಎಂದರೆ ಬರಲಿರುವ ಯಾತನೆ) ನನ್ನನ್ನು ಬಿಟ್ಟುಹೋಗಲಿ ಎಂದು ಮೂರು ಸಲ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ; ಪಾತ್ರೆ ಅವನನ್ನು ಬಿಟ್ಟು ಹೋಗಲಿಲ್ಲ. ಶರೀರದಲ್ಲಿ ನಾಟಿದ ಶೂಲದ ಕುರಿತು ಪೌಲನು ಮೂರು ಸಲ ಕರ್ತನನ್ನು ಬೇಡಿಕೊಂಡ. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಇವರಿಬ್ಬರಿಗೂ ನಂಬಿಕೆ ಸಾಲದೆ ಹೋಯಿತು ಎನ್ನುವ ಧೈರ್ಯ ಯಾರಿಗಿದೆ?

ಆಗ ಮಾಡಬಹುದಾದದ್ದು ಜೊತೆಯಲ್ಲಿ 13ನೇ ಅಥವಾ 88ನೇ ಕೀರ್ತನೆ ಓದುವುದು, ಅವರಿಗೆ ಪ್ರಾರ್ಥಿಸಲಾಗದ ದಿನಗಳಲ್ಲಿ ಅವರ ಪರವಾಗಿ ನೀವು ಪ್ರಾರ್ಥಿಸುವುದು. ಔಷಧಿ ಬಿಟ್ಟು ಬರೀ ಪ್ರಾರ್ಥಿಸಿ ಎಂದು ಹೇಳಬೇಡಿ. ಆಗಾಗ್ಗೆ ಅಸ್ವಸ್ಥನಾಗುತ್ತಿದ್ದ ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದವನು ಪೌಲನೇ. ಯಾರಾದರೂ ಬದುಕುವ ಆಸೆಯೇ ಇಲ್ಲವೆಂದರೆ, ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದೆಯೆಂದರೆ ಪ್ರಾರ್ಥಿಸಿ, ಅವತ್ತೇ ವೈದ್ಯರ ಬಳಿಗೋ ಸಹಾಯ ಮಾಡಬಲ್ಲವರ ಬಳಿಗೋ ಜೊತೆಯಲ್ಲಿ ಹೋಗಿ.

ನೋಟ್‌ಬುಕ್ಕಿನಲ್ಲಿ ಬೇಡಿಕೆ ಮತ್ತು ತಾರೀಕು ಬರೆದಿಡುವುದು ಒಳ್ಳೆಯದು. ತಿಂಗಳುಗಳ ನಂತರ ಹಿಂದಿರುಗಿ ನೋಡಿದಾಗ ಮರೆತೇಹೋಗಿದ್ದ ಉಪಕಾರಗಳು ಕಾಣುತ್ತವೆ. ಅದನ್ನು ಜಮಾಖರ್ಚಿನ ಪುಸ್ತಕ ಮಾಡಿಕೊಳ್ಳಬೇಡಿ, ಅಷ್ಟೇ.

ಆರನೆಯದು: ಇತರರಿಗಾಗಿ ಏನು ಬೇಡಬೇಕು

ನಮ್ಮ ವಿಜ್ಞಾಪನೆಗಳ ಪಟ್ಟಿ ಹೆಚ್ಚಾಗಿ ಆರೋಗ್ಯ, ಕೆಲಸ, ಪರೀಕ್ಷೆ, ಮದುವೆಯಲ್ಲೇ ಮುಗಿಯುತ್ತದೆ. ಅವೂ ಬೇಕು. ಆದರೆ ಪೌಲನು ಸಭೆಗಳಿಗಾಗಿ ಮಾಡಿದ ಪ್ರಾರ್ಥನೆಗಳನ್ನು ಪಕ್ಕದಲ್ಲಿಟ್ಟು ನೋಡಿ: ಎಫೆಸದವರಿಗೆ 3:14-21, ಫಿಲಿಪ್ಪಿಯವರಿಗೆ 1:9-11, ಕೊಲೊಸ್ಸೆಯವರಿಗೆ 1:9-12. ಪ್ರೀತಿ ಹೆಚ್ಚಲಿ, ವಿವೇಕ ಬೆಳೆಯಲಿ, ಸಹನೆಗೆ ಬಲ ಸಿಗಲಿ, ಕ್ರಿಸ್ತನ ಪ್ರೀತಿಯ ಅಗಲ ಉದ್ದ ಎತ್ತರ ಆಳ ತಿಳಿಯಲಿ. ಸೆರೆಯಲ್ಲಿದ್ದುಕೊಂಡು ಕೊಲೊಸ್ಸೆಯವರಿಗೆ ತನಗಾಗಿ ಪ್ರಾರ್ಥಿಸಿರಿ ಎಂದು ಬರೆಯುವಾಗಲೂ ಅವನು ಕೇಳುವುದು ಸೆರೆಮನೆಯ ಬಾಗಿಲು ತೆರೆಯಲಿ ಎಂದಲ್ಲ, ವಾಕ್ಯಕ್ಕೆ ಬಾಗಿಲು ತೆರೆಯಲಿ ಎಂದು.

ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು, 'ನೀವು', 'ನಿಮಗೆ' ಎಂದಿರುವ ಕಡೆ ನಿಮ್ಮ ಗೆಳೆಯರ ಹೆಸರು ಹಾಕಿ ಪ್ರಾರ್ಥಿಸಿ. ಕಲಿಯುವವರಿಗೂ ಇದನ್ನೇ ಮಾಡಿಸಿ. ವಾರಕ್ಕೆ ಐದಾರು ಹೆಸರು ಸಾಕು. ಐವತ್ತು ಹೆಸರುಗಳ ಪಟ್ಟಿ ಹಾಜರಿ ಕರೆದಂತಾಗುತ್ತದೆ. ಗುಂಪು ದೊಡ್ಡದಾದರೆ ಹೊತ್ತು ಹಂಚಿಕೊಳ್ಳಬಹುದು. 1727ರ ಆಗಸ್ಟ್‌ನಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬಲ್ಲಿ ಮೊರಾವಿಯನ್ ಎಂಬ ಸಭೆಯ ವಿಶ್ವಾಸಿಗಳಲ್ಲಿ 24 ಗಂಡಸರೂ 24 ಹೆಂಗಸರೂ ದಿನದ ಒಂದೊಂದು ಗಂಟೆಯನ್ನು ಹಂಚಿಕೊಂಡು ಶುರುಮಾಡಿದ ಪ್ರಾರ್ಥನೆಯ ಸರಪಣಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ನೀವು ಹದಿನೈದು ನಿಮಿಷಗಳಿಂದ ಪ್ರಾರಂಭಿಸಿದರೂ ನಡೆಯುತ್ತದೆ.

ಕೊನೆಯದು: ಬಿಟ್ಟುಕೊಡುವುದು

ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಎಂದು ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2:2ರಲ್ಲಿದೆ. ಆರು ತಿಂಗಳೋ ವರ್ಷವೋ ಆದ ಮೇಲೆ ನೀವು ಕಲಿಸಿದವರಿಗೆ ಕೂಟ ನಡೆಸಲು ಹೇಳಿ. ವಚನ ಅವರೇ ಆರಿಸಲಿ, ಮೊದಲ ಪ್ರಾರ್ಥನೆ ಅವರದ್ದಾಗಲಿ. ನೀವು ಆಮೆನ್ ಎನ್ನಿ. ಅವರು ಬೇರೆ ರೀತಿಯಲ್ಲಿ ನಡೆಸಿದರೆ ಮಧ್ಯೆ ಬಾಯಿ ಹಾಕಬೇಡಿ. ಇದು ಕಲಿಸುವುದಕ್ಕಿಂತ ಕಷ್ಟ, ವಿಶೇಷವಾಗಿ ಹತ್ತು ಜನರೆದುರು ಪ್ರಾರ್ಥಿಸಿ ರೂಢಿಯಾದವರಿಗೆ.

ಆಮೇಲೆ ಅವರು ತಮ್ಮ ಜೊತೆಗೆ ಕೂರಿಸಿಕೊಳ್ಳಬಹುದಾದ ಒಬ್ಬರ ಹೆಸರು ಕೇಳಿ. ಆ ಹೆಸರನ್ನು ಇಬ್ಬರೂ ಎರಡು ಮೂರು ವಾರ ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳಿ, ಅವಸರ ಬೇಡ. ಅವರು ಶುರುಮಾಡಿದ ಮೇಲೆ ನಿಮ್ಮ ವಾರದ ಭೇಟಿ ತಿಂಗಳಿಗೊಮ್ಮೆಯಾಗಲಿ, ಆದರೆ ಪೂರ್ತಿ ನಿಲ್ಲದಿರಲಿ. ಕಲಿಸುವವರಿಗೆ ಬರುವ ಬೇಸರ, ಅನುಮಾನಗಳನ್ನು ಹೇಳಿಕೊಳ್ಳಲು ಒಬ್ಬರು ಬೇಕಾಗುತ್ತಾರೆ. ಯಾರಾದರೂ ಎಷ್ಟೇ ಕಾಲವಾದರೂ ದನಿ ತೆಗೆದು ಪ್ರಾರ್ಥಿಸಲು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಪ್ರತಿ ವಾರ ಅವರಿಗೆ ಒಂದು ಕೀರ್ತನೆ ಓದಲು ಕೊಡಿ. ಅದನ್ನೇ ಅವರ ಪ್ರಾರ್ಥನೆಯೆಂದು ಎಣಿಸಿ ಮುಂದಿನವರಿಗೆ ಸರದಿ ಕೊಡಿ.